ಪ್ರಾಣ ಕೊಡುವವನ ಓಟ

ಚಿನ್ನದ ಬೆಲೆ ವರ್ಷವರ್ಷವೂ ಏರುತ್ತಿದ್ದರೂ ಪ್ರೇಮಿಗಳ ಬಾಯಿಂದ ಮಾತ್ರ ಅದು ಪುಕ್ಕಟೆಯಾಗಿ ಉದುರುತ್ತಲೇ ಇರುವುದು ನನ್ನನ್ನು ಬಹುಕಾಲದಿಂದ ಕಾಡಿದ ಅರ್ಥಶಾಸ್ತ್ರದ ಸಮಸ್ಯೆ. ಮದುವೆಯಾಗಿ ಎಷ್ಟೋ ವರ್ಷವಾದರೂ ಹೆಂಡತಿಯನ್ನು ‘ಏ, ಇವಳೇ’ ಎಂಬ ಸರ್ವನಾಮದಾಚೆ ಕರೆಯಲು ಬಾರದ ಕನ್ನಡ ಮೇಷ್ಟರು ನಾನು. ಆದ್ದರಿಂದ ಈ ಬರಹದಲ್ಲಿ ಕೊಂಚ ಹೊಟ್ಟೆಕಿಚ್ಚೂ ಬೆರೆತಿರಬಹುದು, ನೀವು ಸೋಸಿಕೊಂಡು ಓದಬೇಕು.

ಮೊಬೈಲು ಇನ್ನೂ ನಮ್ಮ ಗುಡ್ಡ ಹತ್ತದಿದ್ದ ಕಾಲ. ಅಣ್ಣನ ಮಗಳು ಶಶಿ ಆಲೂರಿನ ನಮ್ಮ ಮನೆಯಲ್ಲಿದ್ದುಕೊಂಡು ಅಲ್ಲಿನದೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಹೊಂಗಡಹಳ್ಳದ ಕಡೆಯ ಎಸ್ಟೇಟಿನ ಹುಡುಗ ಮೋಹನನೊಂದಿಗೆ ನಿಶ್ಚಿತಾರ್ಥವಾಗಿತ್ತು. ಸಂಜೆಯಾದರೆ ಅವನ ಫೋನು. ಅವನ ಪ್ರೇಮಕ್ಕೆ ಎಂಥ ಗಂಟಲಿತ್ತೆಂದರೆ, ರಿಸೀವರು ಶಶಿಯ ಕಿವಿಯಲ್ಲಿದ್ದರೂ ನಿವೇದನೆ ಅಡುಗೆಮನೆಯವರೆಗೂ ತಲುಪುತ್ತಿತ್ತು.

“ನಿಂಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ ಚಿನ್ನ!”

“ಊಟ ಆಯ್ತಾ?” ಎಂದು ಶಶಿ ಕೆಂಪಾಗಿ ಕೇಳುತ್ತಿದ್ದಳು.

“ಅವನ ಪ್ರಾಣ ತಗಂಡು ನಾವೇನ್ ಮಾಡಣ? ಎರಡು ಮೂಟೆ ಕಾಫಿ ಕೊಟ್ರಾಗಲ್ವ?” ಎಂದು ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಗೊಣಗುತ್ತಿದ್ದಳು.

ಒಂದು ಭಾನುವಾರ ಮೋಹನ ಅವಳಿಗೆ ತಮ್ಮ ತೋಟ ತೋರಿಸಲೆಂದು ಬೈಕಿನಲ್ಲಿ ಕರೆದೊಯ್ದ. ಇಳಿಮಧ್ಯಾಹ್ನ ಹಿಂತಿರುಗುವಾಗ, ದಾರಿಯ ಬಲಗಡೆಯ ಕಾಫಿ ಗಿಡಗಳ ನಡುವಿನಿಂದ ಆನೆಯೊಂದು ಮರಿಯೊಂದಿಗೆ ರಸ್ತೆಗಿಳಿಯಿತು. ಬೈಕು ಗಕ್ಕನೆ ನಿಂತಿತು. ನಮ್ಮ ಪ್ರಾಣದಾನಿ ಅದನ್ನು ಅಲ್ಲೇ ಬಿಟ್ಟು, ಹಿಂದೆ ಕೂತವಳನ್ನೂ ಬಿಟ್ಟು, ಎಡಗಡೆಯ ಇಳಿಜಾರಿನಲ್ಲಿ ಅಂತರ್ಧಾನನಾದ. ಶಶಿಯೂ ಓಡುತ್ತಿದ್ದಳೇನೋ, ಸೆರಗು ಹಿಂದಿನ ಕಂಬಿಗೆ ಸಿಕ್ಕಿಹಾಕಿಕೊಂಡಿತ್ತು. ವಾಲುತ್ತಿದ್ದ ಬೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ತಾಯಿ ಆನೆ ಅವಳನ್ನೊಮ್ಮೆ ನೋಡಿ, ಮರಿಯನ್ನು ಮುಂದೆ ತಳ್ಳಿಕೊಂಡು ದಾಟಿ ಹೋಯಿತು. ಸ್ವಲ್ಪ ಹೊತ್ತಿಗೆ ಆ ದಾರಿಯಲ್ಲಿ ಬಂದ ಕಾಫಿ ವ್ಯಾಪಾರದ ಸಾಹೇಬರೊಬ್ಬರು, “ಹತ್ತವ್ವ, ಮೊದ್ಲು ಜೀಪ್ ಹತ್ತು,” ಎಂದು ಕೂರಿಸಿಕೊಂಡು ಮನೆ ಮುಟ್ಟಿಸಿದರು. ರಾತ್ರಿಯ ಊಟ ಅವಳಿಗೆ ಸೇರಲಿಲ್ಲ. ಫೋನು ಹೊಡೆದುಕೊಂಡರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮೋಹನ ಅಪ್ಪ ಅಮ್ಮನ ಸಮೇತ, ತೋಳು ತುಂಬುವಷ್ಟು ಹೂವಿನ ಸಮೇತ ಬಂದ.

“ಆನೆನ ನನ್ ಕಡೆ ಎಳ್ಕಳಕ್ಕೇ ಓಡಿದ್ದು ಕಣ್ರೀ. ನನ್ನ ಚಿನ್ನಕ್ಕೆ ಏನಾದ್ರೂ ಆಗಿದ್ರೆ ನಾನು ಉಳೀತಿದ್ನಾ?”

ಅವನ ತಾಯಿ ಕಣ್ಣೊರೆಸಿಕೊಂಡರು. ಅತಿಶಯೋಕ್ತಿ ಅಲಂಕಾರಕ್ಕೆ ಸಜೀವ ಉದಾಹರಣೆ ಮನೆಬಾಗಿಲಿಗೇ ಬಂದದ್ದಕ್ಕೆ ನಾನೂ ತಲೆದೂಗುವುದರಲ್ಲಿದ್ದೆ. ಆಗ ಶಶಿ ಮೆತ್ತಗೆ ಕೇಳಿದಳು:

“ನಿಮಗೆ ಹೆದರಿಕೆ ಆಯ್ತಾ?”

ಇಡೀ ಮನೆಯಲ್ಲಿ ಅವನನ್ನು ಪಾರುಮಾಡಬಲ್ಲ ಪ್ರಶ್ನೆ ಅದೊಂದೇ ಆಗಿತ್ತು. ಅವನಿಗೆ ಗೊತ್ತಾಗಲಿಲ್ಲ.

“ನಂಗಾ? ಹೆದರಿಕೆನಾ? ನಿಂಗೋಸ್ಕರ ಅಂಥ ಹತ್ತು ಆನೆ ಬರ್ಲಿ ಬಂಗಾರ!”

“ಓಡಿದ್ದಕ್ಕೆ ನಂಗೇನೂ ಬೇಜಾರಿಲ್ಲ,” ಎಂದಳು ಶಶಿ. “ಸೆರಗು ಸಿಕ್ಕಿರದೆ ಇದ್ರೆ ನಾನೂ ಓಡ್ತಿದ್ದೆ. ಹೆದರಿಕೆ ಆಯ್ತು ಕಣೆ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ನಾಳೆ ಇನ್ನೇನಾದ್ರೂ ಆದ್ರೆ, ನಿಮ್ಮ ಯಾವ ಮಾತು ನಂಬ್ಕಂಡು ನಾನು ನಿಂತ್ಕಳ್ಳಲಿ?”

ಉಂಗುರ ತೆಗೆದು ಅವನ ತಾಯಿಯ ಕೈಯಲ್ಲಿಟ್ಟಳು. ಅಣ್ಣನಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಅವನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬಂದವರು ಹೋದ ಮೇಲೆ ಮೂವರೂ ಕಾಫಿ ಹಿಡಿದು ಕೂತಿದ್ದೆವು. ಶಶಿಯ ಕಣ್ಣು ಊದಿಕೊಂಡಿತ್ತು. ಹೆಂಡತಿ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು.

“ಅಲ್ಲ, ನೀವಾಗಿದ್ರೆ ಏನ್ ಮಾಡ್ತಿದ್ರಿ?”

ಓದಿದ ಕಾವ್ಯಗಳೆಲ್ಲ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ.

“ಓಡ್ತಿದ್ದೆ ಕಣೆ. ಮೋಹನನಿಗಿಂತ ಜೋರಾಗಿ.”

ಅವಳು ಲೋಟ ಕೆಳಗಿಟ್ಟು ನಕ್ಕಳು. ನಗುತ್ತಲೇ ಶಶಿಯ ತಲೆ ಸವರಿ, “ಇಂಥೋನೊಬ್ಬ ಸಿಕ್ರೆ ನೋಡಣ ತಗ,” ಎಂದಳು.