ವಾರ್ಡಿಗೆ ಚೆಕಿಂಗ್ ಬಂತು

“ಏಳ್ರಿ ಅಕ್ಕಾರ, ಚೆಕಿಂಗ್ ಬಂತು! ಟಿಕೆಟ್ ಕೈಯಾಗ ಹಿಡ್ಕೊಳ್ರಿ!”

ಬೆಚ್ಚಿಬಿದ್ದು ಕಣ್ಣು ಬಿಟ್ಟೆ. ವಯಸ್ಸಾದ ಮನೋರೋಗಿಗಳ ವಾರ್ಡಿನಲ್ಲಿ, ನಡುಮಧ್ಯಾಹ್ನ, ನರ್ಸ್ ಆದ ನಾನೇ ನಿದ್ದೆಹೋಗಿದ್ದೆ. ಜೊತೆಯವಳು ರಜೆ ಹಾಕಿದ್ದರಿಂದ ಎರಡು ಪಾಳಿಯನ್ನು ಒಬ್ಬಳೇ ಮಾಡಿ ಕಾಲು ಸೋತುಹೋಗಿದ್ದವು.

ಎಬ್ಬಿಸಿದವರು ಕೊಟ್ರಪ್ಪಜ್ಜ. ಕೂಡ್ಲಿಗಿಯಿಂದ ಹಡಗಲಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರ ಪಾಲಿಗೆ ನಮ್ಮ ವಾರ್ಡೂ ಬಸ್ಸೇ. ದಿನಾ ಹಳೆಯ ಕ್ಯಾಲೆಂಡರ್ ಹರಿದು, ಎಲ್ಲಿಗೆ ಎಂದು ಕೇಳಿ, ಎಲ್ಲರಿಗೂ ಟಿಕೆಟ್ ಕೊಡುತ್ತಿದ್ದರು. ಆ ದಿನ ನಾನು ಗೋಡೆಗೆ ಒರಗಿ ನಿಂತಿದ್ದನ್ನು ಕಂಡವರೇ, ಕುರ್ಚಿಯಲ್ಲಿದ್ದ ಇನ್ನೊಬ್ಬ ಅಜ್ಜನನ್ನು “ಹೆಣ್ಮಕ್ಕಳ ಸೀಟು ಅದು, ಏಳಲೇ” ಎಂದು ಗದರಿಸಿ ಎಬ್ಬಿಸಿ, ನನ್ನನ್ನು ಕೂರಿಸಿದ್ದರು. ಎಲ್ಲಿಗೆ ಎಂದು ಕೇಳಿದಾಗ, ಉಳಿದವರೆಲ್ಲ ಹೇಳಿದಂತೆ ನಾನೂ “ಮನಿಗ್ರೀ” ಎಂದಿದ್ದೆ. ಅಷ್ಟೇ ನೆನಪು.

ಈಗ ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಇನ್ನು ನನ್ನ ಕೆಲಸ ಹೋಯಿತು ಅಂದುಕೊಂಡೆ. ನೋಡಿದರೆ, ಎಂಟೂ ಅಜ್ಜಂದಿರು ಕ್ಯಾಲೆಂಡರ್ ಚೂರು ಎತ್ತಿ ಹಿಡಿದು ಗಂಭೀರವಾಗಿ ಕೂತಿದ್ದಾರೆ. ಬೇರೆ ದಾರಿಯಿಲ್ಲದೆ ನಾನೂ ಎತ್ತಿ ಹಿಡಿದೆ. ಡಾಕ್ಟರು ಒಬ್ಬೊಬ್ಬರ ಟಿಕೆಟ್ಟನ್ನೂ ನೋಡಿದರು, ನನ್ನದನ್ನೂ ನೋಡಿದರು. ನಗು ತಡೆದುಕೊಂಡು ಹೊರಟುಹೋದರು.

ಸಂಜೆ ಡ್ಯೂಟಿ ಮುಗಿಸಿ ಚೀಲ ಎತ್ತಿಕೊಂಡಾಗ ಕೊಟ್ರಪ್ಪಜ್ಜ ಬಾಗಿಲು ಹಿಡಿದು ನಿಂತರು. “ನಿಮ್ಮ ಸ್ಟಾಪ್ ಬಂತ್ರಿ. ನೋಡ್ಕೊಂಡು ಇಳೀರಿ.” ಆ ಒಂದು ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅಂದು ಎಲ್ಲರ ಕೈಯಲ್ಲಿದ್ದದ್ದೂ ಮನೆಯ ಟಿಕೆಟ್ಟೇ. ಇಳಿದವಳು ನಾನೊಬ್ಬಳೇ.