ಮಳೆ ತಡೆಯುವ ಸಾರ್ಜಿಮಾನಜ್ಜ

ಜಾವಾದ ಈ ಊರಿನಲ್ಲಿ ತೋಟದ ಮದುವೆ ಎಂದರೆ ಅಡುಗೆಯವರಿಗಿಂತ ಮೊದಲು ಮಳೆ ತಡೆಯುವ ಸಾರ್ಜಿಮಾನಜ್ಜನಿಗೆ ಕರೆ ಹೋಗುತ್ತದೆ. ಕಡ್ಡಿಪೊರಕೆಯನ್ನು ತಲೆಕೆಳಗಾಗಿ ನೆಟ್ಟು, ತುದಿಗೆ ಈರುಳ್ಳಿ, ಕೆಂಪು ಮೆಣಸಿನಕಾಯಿ ಸಿಕ್ಕಿಸಿ, ಅವನು ಮೋಡಗಳನ್ನು ತುಂಟ ಕರುಗಳಂತೆ ಗದರುತ್ತಾನೆ: “ಏಯ್ ಕರಿಯಾ, ಊಟ ಮುಗೀಲಿ, ಆಮೇಲೆ ಬಾರೋ!” ಮದುವೆ ಮುಗಿಯುವವರೆಗೆ ಅವನು ಹನಿ ನೀರೂ ಕುಡಿಯುವಂತಿಲ್ಲ, ಕುಡಿದರೆ ತಡೆದ ಮಳೆ ಸುರಿದುಬಿಡುತ್ತದಂತೆ. ಆ ಸೆಕೆಯಲ್ಲಿ ನೆಂಟರು ಎಳನೀರು ಹೀರುವಾಗ, ಕನಸಿನಲ್ಲಿದ್ದವನಂತೆ ಆಕಾಶವನ್ನೇ ನೋಡುತ್ತಾ ತುಟಿ ನೆಕ್ಕಿಕೊಳ್ಳುತ್ತಾನೆ. ಮೊನ್ನೆ ಒಂದು ಮದುವೆಯಲ್ಲಿ ಗುಡುಗಿದಾಗ ಮದುಮಗಳ ತಾಯಿ, “ಹೊಳೆದಂಡೆ ಗುಡಿಸಲ ಕಡೆ ತಳ್ಳಿಬಿಡಜ್ಜ, ಅಲ್ಲೇನಿದೆ?” ಎಂದಳು. “ಅಲ್ಲಿ ಹೊಳೆ ಆಗಲೇ ಹೊಸ್ತಿಲಿಗೆ ಬಂದಿದೆ ತಾಯಿ. ನಿಮ್ಮ ಪಾತ್ರೆ ತೊಳೆಯೋರ ಮಕ್ಕಳು ಮಲಗಿರೋದು ಅಲ್ಲೇ,” ಎಂದವನೇ ಅಜ್ಜ ಪೊರಕೆ ಕಿತ್ತ. ರೇಷ್ಮೆಯ ಮೇಲೆ, ಹೂವಿನ ಮೇಲೆ ಮಳೆ ಸುರಿಯಿತು. ಬೈಗುಳದ ನಡುವೆ ಅವನು ಬಾಯಿ ತೆರೆದು ನಿಂತು ಕುಡಿದ.