ಮೂರನೇ ದಿನದ ಮಲ್ಲಿಗೆ

ಮಲ್ಲಿಗೆ ಹೂವಿನ ವಾಸನೆ ಎಲ್ಲರಿಗೂ ಗೊತ್ತು. ಮಲ್ಲಿಗೆ ಕಡ್ಡಿಯನ್ನು ಕತ್ತರಿಸಿದಾಗ ಬರುವ ವಾಸನೆ ಎಷ್ಟು ಜನಕ್ಕೆ ಗೊತ್ತೋ ಕಾಣೆ. ಅದರಲ್ಲಿ ಪರಿಮಳವೇನೂ ಇಲ್ಲ. ಎಳೆ ಹುರುಳಿಕಾಯಿ ಮುರಿದಂತೆ, ಸ್ವಲ್ಪ ಕಹಿ ಬೆರೆತ ಒಂದು ಹಸಿ ವಾಸನೆ, ಅಷ್ಟೆ. ಹೋದ ವಾರ ಕಸದ ಬುಟ್ಟಿ ಹಿಡಿದು ಕೆಳಗಿಳಿದಾಗ ನಮ್ಮ ಅರೆಕೆರೆಯ ಅಪಾರ್ಟ್‌ಮೆಂಟಿನ ಮಾಲಿ ಮುನಿಯಪ್ಪ ಗೇಟಿನ ಪಕ್ಕದ ಮಲ್ಲಿಗೆ ಸವರುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಬುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟೆ. "ಮೇಡಂ, ನಿಮ್ ಬಾಲ್ಕನಿ ಮಲ್ಗೆ ಬರೀ ಸೊಪ್ಪಾಗೋಗೈತೆ. ಕತ್ರಿ ಹಾಕ್ದೆ ಹೂ ಎಲ್ಲಿಂದ ಬರ್ತದೆ? ನಾನೇ ಬಂದು ಸವರ್ಲಾ?" ಎಂದ. "ಬೇಡಪ್ಪ, ನಾನೇ ಮಾಡ್ಕೋತೀನಿ" ಎಂದೆ. ಪ್ರತಿ ವರ್ಷವೂ ಅವನು ಇದನ್ನೇ ಕೇಳುತ್ತಾನೆ, ನಾನೂ ಇದನ್ನೇ ಹೇಳುತ್ತೇನೆ. ಕತ್ತರಿ ಅಡುಗೆಮನೆಯ ಡ್ರಾಯರಿನಲ್ಲಿ ಹಾಗೇ ಇರುತ್ತದೆ.

ನಾನು ಹುಟ್ಟಿ ಬೆಳೆದ ಮನೆ ಪದ್ಮನಾಭನಗರದಲ್ಲಿತ್ತು. ಕೆಂಪು ಗಾರೆಯ ನೆಲ, ಎರಡು ರೂಮು, ಮಧ್ಯಾಹ್ನವೂ ದೀಪ ಹಾಕಬೇಕಾದ ಅಡುಗೆಮನೆ. ಸೈಟಿನ ಅರ್ಧದಷ್ಟನ್ನು ಮಾತ್ರ ಮನೆ ತೆಗೆದುಕೊಂಡಿತ್ತು, ಉಳಿದರ್ಧದ ಹಿತ್ತಲು ಸುಗುಣತ್ತೆಯದು. ಅವರು ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಮಗ ಆನಂದನನ್ನು ಕರೆದುಕೊಂಡು ನಮ್ಮ ಮನೆಗೆ ಬಂದವರು. ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ಹಿತ್ತಲಿನಿಂದ ತಗಡಿನ ಚೊಂಬು ತೊಟ್ಟಿಗೆ ತಾಗುವ ಸದ್ದು ಕೇಳುತ್ತಿತ್ತು. ದೊಡ್ಡಪತ್ರೆ, ಬಸಳೆ, ಕನಕಾಂಬರ, ಒಂದು ಸೀಬೆ ಮರ, ಮತ್ತು ನಡುವೆ ಬಿದಿರು ಕಡ್ಡಿಗಳ ಗೂಡಿನ ಮೇಲೆ ದುಂಡಾಗಿ ಹಬ್ಬಿದ್ದ ದುಂಡು ಮಲ್ಲಿಗೆ. ಅದಕ್ಕೆ ಗುಂಡಿ ತೋಡಿದವನು ಆನಂದ. ನನಗೆ ಅವನ ಮುಖ ನೆನಪಿಲ್ಲ. ಸೈಕಲ್ಲಿನ ಬಾರ್ ಮೇಲೆ ನನ್ನನ್ನು ಕೂರಿಸಿಕೊಂಡಾಗ ನನ್ನ ಕಿವಿಯ ಹತ್ತಿರ ಬರುತ್ತಿದ್ದ ಅವನ ಏದುಸಿರು ಮಾತ್ರ ನೆನಪಿದೆ. ನನಗೆ ಐದು ವರ್ಷವಾಗಿದ್ದಾಗ, ಅವನಿಗೆ ಹನ್ನೊಂದು ತುಂಬಿದ್ದಾಗ, ನಾಲ್ಕು ದಿನದ ಜ್ವರದಲ್ಲಿ ಅವನು ಹೋಗಿಬಿಟ್ಟ.

ಅವನನ್ನು ಮಣ್ಣು ಮಾಡಿದ ದಿನದ ಮಾತನ್ನು ಅಮ್ಮ ನನಗೆ ಎಷ್ಟೋ ಕಾಲದ ನಂತರ ಹೇಳಿದಳು. ನಮ್ಮ ಚರ್ಚಿನ ಸಭಾಪಾಲಕರನ್ನು ನಾವೆಲ್ಲ ಅಯ್ಯನವರು ಎನ್ನುತ್ತಿದ್ದೆವು. ಅವರು ಅತ್ತೆಯ ತಲೆಯ ಮೇಲೆ ಕೈಯಿಟ್ಟು, "ದೇವರು ದೊಡ್ಡ ತೋಟಗಾರ, ತಾಯಿ. ಚೆಂದದ ಮೊಗ್ಗನ್ನೇ ತನಗೆ ಅಂತ ಕೀಳ್ತಾನೆ" ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅತ್ತೆ ತಲೆ ಎತ್ತಿ, "ಮೊಗ್ಗು ಕೀಳೋನು ತೋಟಗಾರ ಅಲ್ಲ ಅಯ್ಯನವರೇ. ಕಳ್ಳ" ಎಂದರಂತೆ. ಅಂದಿನಿಂದ ಅವರು ಚರ್ಚಿನ ಬಾಗಿಲು ದಾಟಲಿಲ್ಲ.

ದಿನಾ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ. ಕೊನೆಯಲ್ಲಿ ಒಬ್ಬೊಬ್ಬರೂ ಅಂದಿನ ಒಂದು ಸಣ್ಣ ಕೃಪೆಯನ್ನು ಹೇಳಬೇಕು. ಅದು ಅಪ್ಪ ಮಾಡಿದ್ದ ರೂಢಿ. "ಸಿಲಿಂಡರ್ ಮುಗಿಯೋಕೆ ಮುಂಚೆ ಹೊಸದು ಬಂತು, ಸ್ತೋತ್ರ" ಎಂದು ಅಮ್ಮ. "ಟೀಚರ್ ನನ್ನ ಹೋಂವರ್ಕ್ ನೋಡ್ಲಿಲ್ಲ, ಸ್ತೋತ್ರ" ಎಂದು ನಾನು. ಅಪ್ಪ ನನ್ನ ಕಿವಿ ಹಿಂಡಿ ತಮ್ಮದನ್ನು ಹೇಳುತ್ತಿದ್ದರು. ಆಮೇಲೆ ಆಮೆನ್ ಹೇಳದೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಅದು ಅತ್ತೆಯ ಸರದಿ. ಅತ್ತೆ ಅಡುಗೆಮನೆಯಲ್ಲಿ ನಮಗೆ ಬೆನ್ನು ಮಾಡಿ ಹೂ ಕಟ್ಟುತ್ತಿರುತ್ತಿದ್ದರು. ಬಾಳೆನಾರು ಎಳೆಯುವ ಸದ್ದು ಬಿಟ್ಟರೆ ಅಲ್ಲಿಂದ ಏನೂ ಬರುತ್ತಿರಲಿಲ್ಲ. ಅಪ್ಪ ಕಾದು, ಆಮೆನ್ ಹೇಳುತ್ತಿದ್ದರು. ಮರುದಿನವೂ ಕಾಯುತ್ತಿದ್ದರು.

ವಿಚಿತ್ರವೆಂದರೆ, ಚರ್ಚಿಗೆ ಹೋಗದ ಅತ್ತೆಗೆ ಈಸ್ಟರ್ ಯಾವ ಭಾನುವಾರ ಬರುತ್ತದೆ ಎಂಬುದು ನಮ್ಮೆಲ್ಲರಿಗಿಂತ ಮೊದಲು ಗೊತ್ತಿರುತ್ತಿತ್ತು. ಕ್ರಿಸ್‌ಮಸ್ಸಿನ ಆಸುಪಾಸಿನಲ್ಲೇ ಹೊಸ ಕ್ಯಾಲೆಂಡರಿನಲ್ಲಿ ಆ ದಿನ ನೋಡಿ, ಅಲ್ಲಿಂದ ಹಿಂದಕ್ಕೆ ವಾರ ಎಣಿಸಿ, ಮಲ್ಲಿಗೆಗೆ ನೀರು ನಿಲ್ಲಿಸಿ, ಸವರಿ, ಗೊಬ್ಬರ ಕೊಟ್ಟು, ಮತ್ತೆ ನೀರು ಬಿಡುತ್ತಿದ್ದರು. ಮೊಗ್ಗೆಲ್ಲ ಆ ಒಂದು ಬೆಳಿಗ್ಗೆಗೆ ಬರಬೇಕು. ಈಸ್ಟರ್ ದಿನ ಸೂರ್ಯ ಹುಟ್ಟುವ ಮೊದಲು ನಮ್ಮವರೆಲ್ಲ ಚರ್ಚಿನ ಹಿಂದಿನ ಸಿಮೆಟ್ರಿಯಲ್ಲಿ ಸೇರಿ, ತಮ್ಮ ತಮ್ಮವರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚಿ, ಆಮೇಲೆ ಹಾಡುತ್ತಾ ಒಳಗೆ ಹೋಗುವುದು ವಾಡಿಕೆ. ಅತ್ತೆ ಬುಟ್ಟಿ ತುಂಬ ಮಲ್ಲಿಗೆ ಒಯ್ದು ಆನಂದನ ಮೇಲೆ ಸುರಿದು, ಜನ ಒಳಗೆ ಹೋದರೂ ಅಲ್ಲೇ ಕುಳಿತಿರುತ್ತಿದ್ದರು. ಆ ವಾರ ಪಕ್ಕದ ಮನೆಯ ಪಾರ್ವತಮ್ಮನವರು ಶಿವಪೂಜೆಗೆ ನಾಲ್ಕು ಮೊಗ್ಗು ಕೇಳಿದರೂ ಅತ್ತೆ, "ಈ ವಾರ ಇದೊಂದ್ ಬಿಟ್ಟು ಬೇರೆ ಏನ್ ಬೇಕಾದ್ರೂ ಕೇಳಿ" ಎನ್ನುತ್ತಿದ್ದರು. ಗುಡ್ ಫ್ರೈಡೇ ಬೆಳಿಗ್ಗೆ ಅಪ್ಪನ ಹಳೆಯ ಬಿಳಿ ಪಂಚೆಯನ್ನು ಒದ್ದೆ ಮಾಡಿ ಗೂಡಿನ ಮೇಲೆ ಹೊದಿಸಿಬಿಡುತ್ತಿದ್ದರು. ಬಿಸಿಲಿಗೆ ಮೊಗ್ಗು ಬೇಗ ಬಿರಿಯಬಾರದೆಂದು. ಭಾನುವಾರದವರೆಗೆ ಬಟ್ಟೆಯ ಮೇಲೇ ನೀರು ಚಿಮುಕಿಸುವುದು, ಒಳಗೆ ನೋಡುವುದಿಲ್ಲ.

ನನಗೆ ಒಂಬತ್ತು ವರ್ಷವಾದಾಗ, ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಕಾಲದಲ್ಲಿ ಸಂಡೆ ಸ್ಕೂಲಿನ ಪ್ರೇಮಾ ಮಿಸ್ ಒಂದು ಗುಲಾಬಿ ಕಡ್ಡಿ ತಂದು ತೋರಿಸಿದರು. "ಕತ್ತರಿಸಿದ್ರೆ ಗಿಡಕ್ಕೆ ನೋವಾಗುತ್ತೆ ಮಕ್ಕಳೇ. ಆದ್ರೆ ಚಿಗುರು ಬರೋದು ಆ ಗಾಯದ ಪಕ್ಕದಲ್ಲೇ. ದೇವರು ನಮ್ಮನ್ನ ಕತ್ತರಿಸೋದೂ ವಾಸಿ ಮಾಡೋಕೇ" ಎಂದರು. ನಾನು ಎದ್ದು ನಿಂತು, "ಎಷ್ಟು ದಿನಕ್ಕೆ ಚಿಗುರುತ್ತೆ ಮಿಸ್?" ಎಂದೆ. ಅವರು ನಕ್ಕು, "ಯೇಸುಸ್ವಾಮಿ ಎಷ್ಟನೇ ದಿನ ಎದ್ದ, ಹೇಳಿ?" ಎಂದು ಮುಂದಿನ ಪಾಠಕ್ಕೆ ಹೋದರು. ಎಲ್ಲರೂ "ಮೂರನೇ ದಿನ!" ಎಂದು ಕೂಗಿದರು. ನಾನೂ ಕೂಗಿದೆ. ನನಗೆ ಬೇಕಾದ ಉತ್ತರ ಸಿಕ್ಕಿತ್ತು.

ಆ ಶುಕ್ರವಾರ ಮೂರು ಗಂಟೆಯ ಆರಾಧನೆ ಮುಗಿಸಿ ನಾವು ಮನೆಗೆ ಬಂದಾಗ ಅತ್ತೆ ಸಮಾಧಿಯ ಹುಲ್ಲು ಕೀಳಲು ಹೋಗಿದ್ದರು. ಅಪ್ಪ ಅಮ್ಮ ಉಪವಾಸದ ಸುಸ್ತಿನಲ್ಲಿ ಮಲಗಿದ್ದರು. ನಾನು ಅಮ್ಮನ ಹೊಲಿಗೆಯ ಕತ್ತರಿ ತೆಗೆದುಕೊಂಡು ಪಂಚೆಯ ಕೆಳಗೆ ನುಸುಳಿದೆ. ಒಳಗೆ ತಂಪು. ಬಿಳಿ ಬೆಳಕು. ಸುತ್ತ ಸಾವಿರ ಮೊಗ್ಗು, ಬಿರಿಯದ್ದರಿಂದ ಪರಿಮಳವೂ ಇಲ್ಲ. ಒಂದೊಂದೇ ಕಡ್ಡಿ ಕತ್ತರಿಸಿದೆ. ದಪ್ಪನೆಯದಕ್ಕೆ ಎರಡೂ ಕೈ ಬೇಕಾದವು. ಆಗ ಬಂದದ್ದೇ ಆ ಹಸಿ ವಾಸನೆ. ಬುಡದಲ್ಲಿ ಗೇಣುದ್ದದ ಮೋಟು ಮಾತ್ರ ಉಳಿಯಿತು. ಕಡ್ಡಿಗಳನ್ನೆಲ್ಲ ಗೋಣಿಚೀಲಕ್ಕೆ ತುರುಕಿ ಪಕ್ಕದ ಖಾಲಿ ಸೈಟಿಗೆ ಎಸೆದೆ. ಗೂಡು ಬಿದಿರಿನದಾದ್ದರಿಂದ ಪಂಚೆ ಮೊದಲಿನಂತೆಯೇ ದುಂಡಗೆ ನಿಂತಿತ್ತು. ಭಾನುವಾರ ಅತ್ತೆ ಬಟ್ಟೆ ಸರಿಸಿದರೆ ಶುಕ್ರವಾರ ಸತ್ತ ಗಿಡ ಎದ್ದು ನಿಂತಿರುತ್ತದೆ, ಅದನ್ನು ಕಣ್ಣಾರೆ ಕಂಡ ಅತ್ತೆ ನಮ್ಮ ಜೊತೆ ಚರ್ಚಿನ ಒಳಗೆ ಬರುತ್ತಾರೆ. ಇಷ್ಟೇ ನನ್ನ ಲೆಕ್ಕ. ಶನಿವಾರ ಅತ್ತೆ ಬಟ್ಟೆಗೆ ನೀರು ಚಿಮುಕಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಇಣುಕಲಿಲ್ಲ. ನಂಬಿಕೆ ಇಲ್ಲದವರು ಇಣುಕುತ್ತಾರೆ ಎಂದುಕೊಂಡೆ.

ಭಾನುವಾರ ಇನ್ನೂ ಬೆಳಕು ಹರಿಯುವ ಮುನ್ನ ಅತ್ತೆ ಬುಟ್ಟಿ ಹಿಡಿದು ಹಿತ್ತಲಿಗೆ ಇಳಿದರು. ಹಿಂದೆಯೇ ನಾನು, ಹೊಸ ಫ್ರಾಕಿನಲ್ಲಿ. ಅವರು ಪಂಚೆಯ ತುದಿ ಹಿಡಿದು ಎಳೆದರು. ಒಳಗೆ ಏನೂ ಇರಲಿಲ್ಲ.

ಅತ್ತೆ ಪಂಚೆಯನ್ನು ಕೈಯಲ್ಲೇ ಹಿಡಿದು ನಿಂತರು. ಅಳುವುದಕ್ಕೆ ಶುರು ಮಾಡಿದವಳು ನಾನು, "ನಾನೇ ಕತ್ರಿಸಿದ್ದು" ಎನ್ನುತ್ತಾ. ಅಪ್ಪ ಓಡಿಬಂದು, ನೋಡಿ, ನನ್ನ ಮೇಲೆ ಕೈ ಎತ್ತಿದರು. "ಬಿಡು" ಎಂದರು ಅತ್ತೆ. ಆಮೇಲೆ ನನ್ನ ಎದುರು ಕುಕ್ಕರುಗಾಲಲ್ಲಿ ಕೂತು, "ಯಾಕೆ ಪುಟ್ಟಿ?" ಎಂದರು.

"ಮೂರನೇ ದಿನ ಚಿಗುರುತ್ತೆ ಅಂತ... ವಾಸಿ ಆಗುತ್ತೆ ಅಂತ..."

"ಮೊಗ್ಗು ಇತ್ತಲ್ಲೇ. ನೋಡ್ಲಿಲ್ವಾ?"

"ನೋಡ್ದೆ. ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ ಅತ್ತೆ."

ಅವರು ನನ್ನ ಮುಖ ನೋಡಿದರು. "ಗೊತ್ತಿರ್ಲಿಲ್ವಾ?" ಎಂದರು. ನನ್ನ ಮೂಗನ್ನು ತಮ್ಮ ಸೆರಗಿನಿಂದ ಒರೆಸಿದರು. ಆಮೇಲೆ ನನಗಲ್ಲ, ಆ ಮೋಟಿಗೆ ಹೇಳುವಂತೆ, "ಮೇಲಿರೋನಿಗೂ ಗೊತ್ತಿರ್ಲಿಲ್ವೇನೋ" ಎಂದರು.

ಅಪ್ಪ "ಅಕ್ಕ!" ಎಂದು ಗಾಬರಿಯಾದರು. ಅತ್ತೆ ಅಷ್ಟರಲ್ಲಿ ಎದ್ದು ಕೈಯ ಮಣ್ಣು ಕೊಡವಿಕೊಂಡಿದ್ದರು. ಖಾಲಿ ಬುಟ್ಟಿ ಹಿಡಿದೇ ಆಟೋ ಹತ್ತಿದರು. ಆ ವರ್ಷ ಆನಂದನ ಸಮಾಧಿಯ ಮೇಲೆ ಒಂದು ಎಸಳೂ ಇರಲಿಲ್ಲ. ಬುಟ್ಟಿಯನ್ನು ಅಲ್ಲೇ ಬಿಟ್ಟು, ಎಲ್ಲರೂ ಹಾಡುತ್ತಾ ಒಳಗೆ ಹೋಗುವಾಗ, ಅತ್ತೆ ನನ್ನ ಕೈ ಹಿಡಿದುಕೊಂಡು ಬಾಗಿಲು ದಾಟಿದರು. ಕೊನೆಯ ಬೆಂಚಿನಲ್ಲಿ ಕೂತರು. ಹಾಡಲಿಲ್ಲ. ನನ್ನ ಕೈಯನ್ನೂ ಬಿಡಲಿಲ್ಲ, ಬೆರಳು ಜೋಮು ಹಿಡಿಯುವಷ್ಟು.

ಮೋಟು ಮಾತ್ರ ಹಾಗೇ ಇತ್ತು. ನಾನು ದಿನಾ ಶಾಲೆಗೆ ಹೋಗುವ ಮೊದಲು ನೋಡುತ್ತಿದ್ದೆ, ದೇವರನ್ನು ಬೇಡುತ್ತಿದ್ದೆ, ಒಮ್ಮೊಮ್ಮೆ ಬೈಯುತ್ತಿದ್ದೆ. ಅತ್ತೆ ಅದಕ್ಕೆ ನೀರು ಹಾಕುತ್ತಿದ್ದರು. ಶಾಲೆಗೆ ರಜೆ ಬಂತು. ಒಂದು ಸಂಜೆ ಗುಡುಗಿನ ಮಳೆ ಸುರಿದು ನಿಂತಿತ್ತು, ಕರೆಂಟು ಹೋಗಿತ್ತು. ಮೇಣದಬತ್ತಿಯ ಬೆಳಕಿನಲ್ಲಿ ಪ್ರಾರ್ಥನೆ. ಅಮ್ಮ ತನ್ನದನ್ನು ಹೇಳಿದಳು, ನಾನು ಹೇಳಿದೆ, ಅಪ್ಪ ಹೇಳಿದರು. ರೂಢಿಯಂತೆ ಸುಮ್ಮನಾದರು. ಅಡುಗೆಮನೆಯಲ್ಲಿ ನಾರಿನ ಸದ್ದು ನಿಂತಿತು.

"ಮಲ್ಲಿಗೆ ಚಿಗುರಿದೆ" ಎಂದರು ಅತ್ತೆ.

ಸ್ತೋತ್ರ ಎನ್ನಲಿಲ್ಲ. ಅಷ್ಟೇ ಹೇಳಿದರು. ಅಪ್ಪನಿಗೆ ಆ ಸಂಜೆ ಆಮೆನ್ ಹೇಳಲು ಆಗಲಿಲ್ಲ, ಅಮ್ಮ ಹೇಳಿದಳು.

ಈಗ ಆ ಮನೆ ಇಲ್ಲ. ಅಪ್ಪ, ಅಮ್ಮ, ಅತ್ತೆ, ಯಾರೂ ಇಲ್ಲ. ಸೈಟಿನಲ್ಲಿ ನಾಲ್ಕು ಮಹಡಿಯ ಕಟ್ಟಡ. ಮಲ್ಲಿಗೆ ಇದ್ದಲ್ಲಿ ಟ್ಯೂಷನ್ ಮಕ್ಕಳ ಸೈಕಲ್ಲುಗಳು ನಿಲ್ಲುತ್ತವೆ. ಅತ್ತೆ ಕೊನೆಯವರೆಗೂ ಭಾನುವಾರ ತಪ್ಪಿಸಲಿಲ್ಲ. ಆದರೆ ಅವರು ವಾಸಿಯಾದರು ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಮಲ್ಲಿಗೆ ಮತ್ತೆ ಬುಟ್ಟಿ ತುಂಬಿತು, ಆನಂದ ಮತ್ತೆ ಬರಲಿಲ್ಲ. ನಾನು ಮಾಡಿದ್ದು ಪಾಪವೋ, ನನ್ನ ಕೈಯಿಂದ ದೇವರು ಮಾಡಿಸಿದ್ದೋ? ಈಗಿನ ಪಾಸ್ಟರ್ ಹತ್ತಿರ ಒಮ್ಮೆ ಅತ್ತೆಯ ಮಾತು ಹೇಳಿದೆ. "ದೇವರಿಗೆ ಗೊತ್ತಿಲ್ಲದ್ದು ಏನಿದೆ ಸಿಸ್ಟರ್?" ಎಂದರು. ಸರಿಯಾದ ಮಾತು. ನಾನೂ ಹಾಗೆಯೇ ನಂಬಿದ್ದೇನೆ. ಆದರೆ ಅತ್ತೆಯನ್ನು ಆ ಬಾಗಿಲು ದಾಟಿಸಿದ್ದು ತಪ್ಪಾದ ಆ ಒಂದು ಮಾತೇ ಅಲ್ಲವೇ? ಅದನ್ನು ಎಲ್ಲಿಡಬೇಕೋ ನನಗೆ ತಿಳಿಯದು.

ನಿನ್ನೆ ಡ್ರಾಯರಿನಿಂದ ಕತ್ತರಿ ತೆಗೆದೆ. ಮೊಗ್ಗಿದೆಯೇ ಎಂದು ಎಲೆ ಎಲೆ ಸರಿಸಿ ನೋಡಿದೆ. ಇರಲಿಲ್ಲ. ಒಂದೇ ಒಂದು ಕಡ್ಡಿ ಕತ್ತರಿಸಿ, ಆ ವಾಸನೆ ಆರುವವರೆಗೂ ಅಲ್ಲೇ ನಿಂತಿದ್ದೆ. ಸಂಜೆ ಪ್ರಾರ್ಥನೆಯಲ್ಲಿ ನನ್ನ ಸಣ್ಣ ಕೃಪೆಯಾಗಿ ಅದನ್ನೇ ಹೇಳಿದೆ. ಹೇಳಿ ಎಂದಿನಂತೆ ಸುಮ್ಮನಾದೆ. ನನ್ನ ಗಂಡ ಒಂದು ಕಣ್ಣು ತೆರೆದು, "ಆಮೆನ್ ಅನ್ನೇ, ಅನ್ನ ಆರೋಗುತ್ತೆ" ಎಂದರು. ಮದುವೆಯಾದಾಗಿನಿಂದ ನಾನು ಅಲ್ಲಿ ಮಾತು ಮರೆಯುತ್ತೇನೆ ಎಂದೇ ಅವರು ತಿಳಿದಿದ್ದಾರೆ. ನಾನು ಅಡುಗೆಮನೆಯ ಕಡೆ ಕಿವಿ ಕೊಟ್ಟು, ಇನ್ನೂ ಸ್ವಲ್ಪ ಹೊತ್ತು ಕಾದೆ.